ಶ್ವಾಸಕೋಶದ ಪೊರೆಯ ಕ್ಯಾನ್ಸರ್: ಸಿ.ಟಿ. ಅಳತೆ ಎಷ್ಟು ನಂಬಲರ್ಹ?

ಪಿ.ಯು.ಸಿ. ವಿದ್ಯಾರ್ಥಿಯೊಬ್ಬ ಸ್ಕ್ರೂ ಗೇಜಿನಿಂದ ತಂತಿಯ ದಪ್ಪವನ್ನು ಅಳೆದು, ಶೂನ್ಯ ದೋಷವನ್ನು ನಮೂದಿಸದೆ ಉತ್ತರವನ್ನಷ್ಟೇ ಬರೆದರೆ ಅಧ್ಯಾಪಕರು ಅಂಕ ಕಳೆಯುತ್ತಾರೆ. ಒಂದೇ ಕಡೆ, ಒಂದೇ ಸಲ ಅಳೆದಿದ್ದರೂ ಅಂಕ ಕಳೆಯುತ್ತಾರೆ. ಅಳತೆ ಎಂದ ಮೇಲೆ ಅದರ ಜೊತೆಗೆ ಅದರ ಅನಿಶ್ಚಿತತೆಯನ್ನೂ ಹೇಳಬೇಕು ಎಂಬುದು ಭೌತವಿಜ್ಞಾನದ ಮೊದಲ ಪಾಠ. ಆದರೆ ಮನುಷ್ಯನ ಎದೆಯೊಳಗೆ ಬೆಳೆದ ಕ್ಯಾನ್ಸರ್ ಪದರದ ದಪ್ಪವನ್ನು ಮಿಲಿಮೀಟರಿನಲ್ಲಿ ಅಳೆದು, ಅದರ ಆಧಾರದ ಮೇಲೆ ರೋಗದ ಹಂತವನ್ನು ತೀರ್ಮಾನಿಸುವಾಗ ಈ ಪಾಠವನ್ನು ನಾವು ಮರೆಯುತ್ತಿದ್ದೇವೆಯೇ? ಈ ಲೇಖನದಲ್ಲಿ ಕೇಳಲಿರುವ ಪ್ರಶ್ನೆ ಇದು.

ವಿಷಯ ವೈದ್ಯಕೀಯದ್ದಾದರೂ ಪ್ರಶ್ನೆ ಅಳತೆಯದ್ದು. ಆದ್ದರಿಂದ ಭೌತವಿಜ್ಞಾನದ ವಿದ್ಯಾರ್ಥಿಗಳೂ ಅಧ್ಯಾಪಕರೂ ಇದನ್ನು ಪರಿಶೀಲಿಸಲು ಅರ್ಹರು.

ರೋಗ ಯಾವುದು?

ನಮ್ಮ ಎರಡೂ ಶ್ವಾಸಕೋಶಗಳನ್ನು ತೆಳುವಾದ ಇಮ್ಮಡಿ ಪೊರೆ ಆವರಿಸಿದೆ. ಒಳಪದರ ಶ್ವಾಸಕೋಶಕ್ಕೆ ಅಂಟಿಕೊಂಡಿದೆ, ಹೊರಪದರ ಎದೆಗೂಡಿನ ಒಳಗೋಡೆಗೆ. ಇದಕ್ಕೆ ಪ್ಲೂರಾ ಎಂದು ಹೆಸರು. ಈ ಪೊರೆಯಲ್ಲಿಯೇ ಹುಟ್ಟುವ ಕ್ಯಾನ್ಸರ್ ಮೀಸೋಥೀಲಿಯೋಮಾ. ಇದು ಸಾಮಾನ್ಯ ಗಡ್ಡೆಯ ಹಾಗೆ ಉಂಡೆಯಾಗಿ ಬೆಳೆಯುವುದಿಲ್ಲ. ಹಣ್ಣಿನ ಸಿಪ್ಪೆಯಂತೆ ಶ್ವಾಸಕೋಶವನ್ನು ಸುತ್ತುವರಿದು, ಹಾಳೆಯಾಗಿ ಹರಡುತ್ತದೆ. ಈ ಆಕಾರವೇ ಅಳತೆಯ ಎಲ್ಲ ತೊಂದರೆಗಳಿಗೂ ಮೂಲ ಎಂಬುದನ್ನು ಮುಂದೆ ನೋಡುವಿರಿ.

ಈ ರೋಗಕ್ಕೆ ಮುಖ್ಯ ಕಾರಣ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ದಕ್ಷಿಣ ಆಫ್ರಿಕದ ಕಲ್ನಾರು ಗಣಿ ಪ್ರದೇಶದಲ್ಲಿ ಕಂಡ 33 ರೋಗಿಗಳ ವಿವರವನ್ನು ವ್ಯಾಗ್ನರ್ ಮತ್ತು ಸಂಗಡಿಗರು 1960ರಲ್ಲಿ ಪ್ರಕಟಿಸಿದ ಮೇಲೆ ಈ ಸಂಬಂಧ ಜಗತ್ತಿನ ಗಮನಕ್ಕೆ ಬಂದಿತು. ಕಲ್ನಾರಿನ ಎಳೆಗಳು ಉಸಿರಿನೊಂದಿಗೆ ಒಳಹೊಕ್ಕ ನಂತರ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 20ರಿಂದ 50 ವರ್ಷ ಹಿಡಿಯುತ್ತದೆ. ಇದನ್ನು ಗಮನದಲ್ಲಿಟ್ಟೇ ನಮ್ಮ ಸರ್ವೋಚ್ಚ ನ್ಯಾಯಾಲಯವು 1995ರ ಜನವರಿಯಲ್ಲಿ, ಕಲ್ನಾರು ಉದ್ಯಮದ ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವುಗಳಲ್ಲಿ ಯಾವುದು ನಂತರದ್ದೋ ಅಲ್ಲಿಯವರೆಗೆ ಕಾದಿಡಬೇಕೆಂದು ಆದೇಶಿಸಿತು.

ಕರ್ನಾಟಕಕ್ಕೂ ಕಲ್ನಾರಿಗೂ ಹಳೆಯ ನಂಟಿದೆ. ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಿನ ಪುರಾತನ ಶಿಲೆಗಳಲ್ಲಿ ಕಲ್ನಾರು ಇದೆ. ಹಿಂದೆ ಅದನ್ನು ಅಗೆದು ತೆಗೆಯುತ್ತಿದ್ದರು. ಗಣಿ ಇಲ್ಲದ ಊರುಗಳಿಗೂ ಅದು ಛಾವಣಿಯ ಶೀಟಿನ ರೂಪದಲ್ಲಿ ಬಂದಿದೆ. ಜಲಪಾತಕ್ಕೆ ಹೆಸರಾದ, ತರೀಕೆರೆ ಭಾಗದ ಹೆಬ್ಬೆಯನ್ನೇ ತೆಗೆದುಕೊಳ್ಳಿ. ಪಕ್ಕದ ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಾರ್ಖಾನೆಗೆ ಕಬ್ಬಿಣದ ಅದಿರು ಹೋಗುತ್ತಿತ್ತು. ಆ ಕೆಂಪು ದೂಳು ಶ್ವಾಸಕೋಶದಲ್ಲಿ ಕೂರಬಹುದು, ಆದರೆ ಮೀಸೋಥೀಲಿಯೋಮಾಕ್ಕೆ ಕಾರಣವೆನಿಸಿದ್ದು ಕಬ್ಬಿಣದ ದೂಳಲ್ಲ, ಕಲ್ನಾರಿನ ಎಳೆ. ಮಲೆನಾಡಿನ ಕೊಟ್ಟಿಗೆ, ಉಗ್ರಾಣ, ತೋಟದ ಲೈನ್ ಮನೆಗಳ ಮೇಲಿನ ಸಿಮೆಂಟ್ ಶೀಟಿನಲ್ಲಿ ಕಲ್ನಾರು ಇದ್ದರೂ, ಶೀಟು ಗಟ್ಟಿಯಾಗಿರುವವರೆಗೆ ಎಳೆಗಳು ಸಿಮೆಂಟಿನಲ್ಲಿ ಹಿಡಿದುಕೊಂಡೇ ಇರುತ್ತವೆ. ಕತ್ತರಿಸುವಾಗ, ರಂಧ್ರ ಕೊರೆಯುವಾಗ, ಒಡೆಯುವಾಗ ಅವು ಗಾಳಿಗೆ ಸೇರುತ್ತವೆ. ಆದ್ದರಿಂದ ಹೆಚ್ಚಿನ ಅಪಾಯ ಶೀಟು ತಯಾರಿಸುವ, ಕತ್ತರಿಸುವ, ಕೆಡವುವ ಕೆಲಸಗಾರರಿಗೆ. ಅಂಥ ಕೆಲಸ ಮಾಡಿ ಊರಿಗೆ ಮರಳಿದ ಒಬ್ಬರಿಗೆ ಮೂವತ್ತು ವರ್ಷಗಳ ನಂತರ ಏದುಸಿರು, ಎದೆನೋವು ಬಂದಿದೆ ಎಂದುಕೊಳ್ಳೋಣ. ಎದೆಯಲ್ಲಿ ನೀರು ತುಂಬಿದೆ. ತುಣುಕು ತೆಗೆದು ಪರೀಕ್ಷಿಸಿದಾಗ ರೋಗ ಖಚಿತವಾಯಿತು. ಈಗ ರೋಗ ಯಾವ ಹಂತದಲ್ಲಿದೆ ಎಂದು ತಿಳಿಯಬೇಕು.

ವರ್ಣನೆಯಿಂದ ಅಳತೆಗೆ

ಕ್ಯಾನ್ಸರಿನ ಹಂತವನ್ನು ಟಿ, ಎನ್, ಎಂ ಎಂಬ ಮೂರು ಅಕ್ಷರಗಳಲ್ಲಿ ಹೇಳುತ್ತಾರೆ. ಟಿ ಎಂದರೆ ಮೂಲ ಗಡ್ಡೆಯ ವ್ಯಾಪ್ತಿ, ಎನ್ ಎಂದರೆ ದುಗ್ಧರಸ ಗ್ರಂಥಿಗಳಿಗೆ ಹರಡಿದೆಯೇ ಎಂಬುದು, ಎಂ ಎಂದರೆ ದೂರದ ಅಂಗಗಳಿಗೆ ಹೋಗಿದೆಯೇ ಎಂಬುದು. ಮೀಸೋಥೀಲಿಯೋಮಾಕ್ಕೆ 1976ರಲ್ಲಿ ಬುಚರ್ಟ್ ಒಂದು ಸರಳ ವರ್ಗೀಕರಣವನ್ನು ಕೊಟ್ಟರು. 1995ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪು ಟಿ-ಎನ್-ಎಂ ಕ್ರಮವನ್ನು ಇದಕ್ಕೆ ಅಳವಡಿಸಿತು. 2016ರಲ್ಲಿ ಪ್ರಕಟವಾದ 8ನೆಯ ಆವೃತ್ತಿಯ ಪ್ರಸ್ತಾವದವರೆಗೂ ಟಿ ಎಂಬುದು ವರ್ಣನೆಯಾಗಿತ್ತು: ಪೊರೆಯ ಯಾವ ಪದರದಲ್ಲಿದೆ, ವಪೆಯ ಸ್ನಾಯುವನ್ನು ಹೊಕ್ಕಿದೆಯೇ, ಶ್ವಾಸಕೋಶದ ತಿರುಳನ್ನು ಮುಟ್ಟಿದೆಯೇ ಎಂಬ ಬಗೆಯದು. ಶಸ್ತ್ರಚಿಕಿತ್ಸಕ ಎದೆಯನ್ನು ತೆರೆದು ನೋಡಿ ಹೇಳಬಹುದಾದ ಸಂಗತಿಗಳಿವು, ಸಿ.ಟಿ. ಚಿತ್ರದಲ್ಲಿ ಇವುಗಳನ್ನು ಬೇರ್ಪಡಿಸಿ ಕಾಣುವುದು ಬಹಳ ಕಷ್ಟ.

2025ರ ಜನವರಿಯಿಂದ ಬಳಕೆಗೆ ಬಂದಿರುವ 9ನೆಯ ಆವೃತ್ತಿಯಲ್ಲಿ ದೊಡ್ಡ ಬದಲಾವಣೆಯಾಗಿದೆ. ಈಗ ಸಿ.ಟಿ. ಚಿತ್ರದಲ್ಲಿ ಎದೆಯ ರೋಗಪೀಡಿತ ಪಕ್ಕವನ್ನು ಮೇಲು, ನಡು, ಕೆಳಗು ಎಂದು ಮೂರು ವಲಯಗಳಾಗಿ ವಿಂಗಡಿಸುತ್ತಾರೆ. ಮಹಾಪಧಮನಿಯ ಕಮಾನಿನ ಕೆಳ ಅಂಚು ಮೊದಲ ಗಡಿ. ಎಡ ಹೃತ್ಕರ್ಣದ ಮೇಲಂಚು ಎರಡನೆಯ ಗಡಿ. ಪ್ರತಿ ವಲಯದಲ್ಲೂ ಪೊರೆಯ ಗರಿಷ್ಠ ದಪ್ಪವನ್ನು, ಎದೆಗೋಡೆಗೆ ಅಥವಾ ಎರಡು ಶ್ವಾಸಕೋಶಗಳ ನಡುವಣ ಭಾಗಕ್ಕೆ ಲಂಬವಾಗಿ, ಅಳೆಯುತ್ತಾರೆ. ಮೂರನ್ನೂ ಕೂಡಿಸುತ್ತಾರೆ. ಮೊತ್ತ 12 ಮಿ.ಮೀ. ಅಥವಾ ಕಡಿಮೆಯಿದ್ದು, ಶ್ವಾಸಕೋಶದ ಹಾಲೆಗಳ ನಡುವಣ ಸೀಳಿನಲ್ಲಿ 5 ಮಿ.ಮೀ.ಗಿಂತ ದಪ್ಪ ಇಲ್ಲದೆ, ಸುತ್ತಲಿನ ಭಾಗಗಳನ್ನು ಹೊಕ್ಕಿರದಿದ್ದರೆ ಟಿ1. ಮೊತ್ತ 12ನ್ನು ದಾಟಿ 30ರವರೆಗೆ ಇದ್ದರೆ ಟಿ2. 30ನ್ನು ಮೀರಿದರೆ ಟಿ3. ಪಕ್ಕೆಲುಬು, ಹೃದಯದ ಸುತ್ತಿನ ಅಂಗಗಳು ಮುಂತಾದವುಗಳನ್ನು ಹೊಕ್ಕಿದ್ದರೆ ದಪ್ಪ ಎಷ್ಟೇ ಇರಲಿ ಟಿ4.

ಇದು ಸ್ವಾಗತಾರ್ಹ ಹೆಜ್ಜೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಕಣ್ಣಂದಾಜಿನ ಮಾತನ್ನು ಬಿಟ್ಟು ಸಂಖ್ಯೆಯನ್ನು ಕೇಳಿರುವುದು ವಿಜ್ಞಾನದ ದಾರಿ. ಹಲವು ದೇಶಗಳ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ, ದಪ್ಪಕ್ಕೂ ಆಯುಸ್ಸಿಗೂ ಇರುವ ಸಂಬಂಧವನ್ನು ನೋಡಿ ಈ ಮಿತಿಗಳನ್ನು ಆರಿಸಿದ್ದಾರೆ. ಆಕ್ಷೇಪವಿರುವುದು ಸಂಖ್ಯೆಯನ್ನು ಕೇಳಿದ್ದಕ್ಕಲ್ಲ. ಸಂಖ್ಯೆಯನ್ನು ಕೇಳಿ ಅದರ ದೋಷವನ್ನು ಕೇಳದೆ ಬಿಟ್ಟಿದ್ದಕ್ಕೆ.

ಸಿ.ಟಿ. ಕಾಣುವುದೇನು?

ಸಿ.ಟಿ. ಯಂತ್ರ ರೋಗವನ್ನು ಕಾಣುವುದಿಲ್ಲ. ಕ್ಷ-ಕಿರಣವನ್ನು ಯಾವ ಬಿಂದು ಎಷ್ಟು ಹೀರುತ್ತದೆ ಎಂಬುದನ್ನಷ್ಟೇ ಕಾಣುತ್ತದೆ. ಇದನ್ನು ಹೌನ್ಸ್‌ಫೀಲ್ಡ್ ಮಾನದಲ್ಲಿ ಹೇಳುತ್ತಾರೆ. ನೀರಿಗೆ 0, ಗಾಳಿಗೆ −1000, ಕೊಬ್ಬಿಗೆ ಸುಮಾರು −100, ಸ್ನಾಯುವಿಗೆ ಸುಮಾರು 50. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ನಿರ್ಮಿಸಿದ ಯಂತ್ರದಲ್ಲಿ ಮೊದಲ ರೋಗಿಯ ಚಿತ್ರ ತೆಗೆದದ್ದು 1971ರ ಅಕ್ಟೋಬರಿನಲ್ಲಿ, ಲಂಡನ್ನಿನಲ್ಲಿ. ಅವರಿಗೂ ಭೌತವಿಜ್ಞಾನಿ ಅಲನ್ ಕಾರ್ಮ್ಯಾಕ್‌ರಿಗೂ 1979ರಲ್ಲಿ ನೊಬೆಲ್ ಬಹುಮಾನ ಬಂದಿತು.

ಅದೇ 1971ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಅವರು ಎ.ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಒಂದು ಪ್ರಬಂಧ ಪ್ರಕಟಿಸಿದರು. ಹಲವು ಕೋನಗಳಿಂದ ಪಡೆದ ನೆರಳುಗಳಿಂದ ಮೂಲ ವಸ್ತುವಿನ ಅಡ್ಡಕೊಯ್ತವನ್ನು ಮತ್ತೆ ಕಟ್ಟುವ ಶೀಘ್ರ ಗಣಿತ ವಿಧಾನ ಅದರಲ್ಲಿತ್ತು. ಪ್ರತಿ ನೆರಳನ್ನೂ ಒಂದು ಸೋಸುಕದಲ್ಲಿ ಹಾಯಿಸಿ, ಹಿಂದಕ್ಕೆ ಹರಡಿ, ಕೂಡಿಸುವುದು. ಆ ಸೋಸುಕಕ್ಕೆ ಇಂದಿಗೂ ಜಗತ್ತಿನಾದ್ಯಂತ 'ರಾಮ್-ಲಾಕ್' ಎಂದೇ ಹೆಸರು. ನಮ್ಮ ಹೆಮ್ಮೆಯ ಈ ಸೋಸುಕಕ್ಕೆ ಒಂದು ಗುಣವಿದೆ, ಅದನ್ನು ಗಮನಿಸಿ. ಅದು ಅಂಚುಗಳನ್ನು ಚೂಪಾಗಿಸುತ್ತದೆ. ಜೊತೆಗೆ ಚಿತ್ರದ ಕಾಳುಕಾಳಾದ ಗದ್ದಲವನ್ನೂ ಹೆಚ್ಚಿಸುತ್ತದೆ. ಗದ್ದಲ ತಗ್ಗಿಸಲು ಸೋಸುಕವನ್ನು ಮೃದುಗೊಳಿಸಿದರೆ ಅಂಚು ಮಸುಕಾಗುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಅಂದರೆ ಒಬ್ಬನೇ ರೋಗಿಯ ಒಂದೇ ಸ್ಕ್ಯಾನಿನಲ್ಲಿ, ಯಾವ ಸೋಸುಕ ಬಳಸಿದರು ಎಂಬುದರ ಮೇಲೆ ಪದರದ ಅಂಚು ಎಲ್ಲಿದೆ ಎಂಬ ತೀರ್ಮಾನ ತುಸು ಆಚೀಚೆ ಆಗುತ್ತದೆ.

ಇನ್ನು ಅಂಚುಗಳನ್ನೇ ನೋಡಿ. ಕ್ಯಾನ್ಸರ್ ಪದರಕ್ಕೆ ಎರಡು ಅಂಚು. ಒಳಗಡೆ ಗಾಳಿ ತುಂಬಿದ ಶ್ವಾಸಕೋಶ, ಸುಮಾರು −800. ಇಲ್ಲಿ ವ್ಯತ್ಯಾಸ ದೊಡ್ಡದು, ಅಂಚು ಸ್ಪಷ್ಟ. ಆದರೆ ಹೊರಗಡೆ ಪಕ್ಕೆಲುಬುಗಳ ನಡುವಣ ಸ್ನಾಯು. ಸ್ನಾಯುವಿನ ಮಾನವೂ ಕ್ಯಾನ್ಸರ್ ಪದರದ ಮಾನವೂ ಹತ್ತಿರ ಹತ್ತಿರ. ಎರಡರ ನಡುವೆ ತೆಳುವಾದ ಕೊಬ್ಬಿನ ಗೆರೆ ಉಳಿದಿದ್ದರೆ ಅಂಚು ಸಿಗುತ್ತದೆ, ಅಳಿಸಿದ್ದರೆ ಊಹಿಸಬೇಕು. ಒಳಗಡೆ ಶ್ವಾಸಕೋಶದ ಬದಲು ನೀರು ತುಂಬಿದ್ದರೆ ಆ ಕಡೆಯ ಅಂಚೂ ಮಸುಕು, ಏಕೆಂದರೆ ನೀರಿನ ಮಾನ 0ರಿಂದ 20. ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧ ಚುಚ್ಚಿ, ಸುಮಾರು ಒಂದು ನಿಮಿಷ ಬಿಟ್ಟು ಚಿತ್ರ ತೆಗೆದರೆ ಕ್ಯಾನ್ಸರ್ ಪದರ ಬೆಳಗಿ, ನೀರಿನಿಂದ ಬೇರೆಯಾಗಿ ಕಾಣುತ್ತದೆ. ಔಷಧವಿಲ್ಲದೆ ತೆಗೆದ ಚಿತ್ರದಲ್ಲಿ ಈ ಅನುಕೂಲವಿಲ್ಲ.

ಚಕ್ಕೋತದ ಪ್ರಯೋಗ

ಈಗ ಒಂದು ಪ್ರಯೋಗವನ್ನು ನೀವೇ ಮಾಡಿ ನೋಡಬಹುದು. ಮಲೆನಾಡಿನ ಹಿತ್ತಲುಗಳಲ್ಲಿ ಚಕ್ಕೋತದ ಮರ ಅಪರೂಪವಲ್ಲ. ದಪ್ಪ ಸಿಪ್ಪೆಯ ಒಂದು ಚಕ್ಕೋತವನ್ನು ನಡುಮಧ್ಯಕ್ಕೆ ಅಡ್ಡ ಕತ್ತರಿಸಿ ಸಿಪ್ಪೆಯ ದಪ್ಪ ಅಳೆಯಿರಿ. ಹಣ್ಣಿನ ತ್ರಿಜ್ಯ 80 ಮಿ.ಮೀ., ಸಿಪ್ಪೆ 10 ಮಿ.ಮೀ. ಎಂದಿಟ್ಟುಕೊಳ್ಳೋಣ. ನಡುವಿನ ಕೊಯ್ತದಲ್ಲಿ 10 ಮಿ.ಮೀ.ಯೇ ಸಿಗುತ್ತದೆ. ಈಗ ಮಧ್ಯದಿಂದ 64 ಮಿ.ಮೀ. ಮೇಲೆ, ಮೊದಲ ಕೊಯ್ತಕ್ಕೆ ಸಮಾಂತರವಾಗಿ ಕತ್ತರಿಸಿ. ಪೈಥಾಗೊರಸನ ಪ್ರಮೇಯದಿಂದ ಲೆಕ್ಕ ಹಾಕಿದರೆ ಹೊರವೃತ್ತದ ತ್ರಿಜ್ಯ 48, ಒಳವೃತ್ತದ್ದು ಸುಮಾರು 28.4, ಸಿಪ್ಪೆ 19.6 ಮಿ.ಮೀ. ಕಾಣುತ್ತದೆ! 68 ಮಿ.ಮೀ. ಎತ್ತರದಲ್ಲಿ ಕತ್ತರಿಸಿದರೆ ಅದೇ ಸಿಪ್ಪೆ 25 ಮಿ.ಮೀ. ದಾಟುತ್ತದೆ. ಸಿಪ್ಪೆ ಬದಲಾಗಿಲ್ಲ; ಕತ್ತಿ ಅದನ್ನು ಓರೆಯಾಗಿ ಸೀಳಿದೆ, ಅಷ್ಟೆ.

ಸಿ.ಟಿ.ಯ ಅಡ್ಡಕೊಯ್ತಗಳೂ ಹೀಗೆಯೇ ಒಂದರ ಮೇಲೊಂದು ಸಮಾಂತರವಾಗಿರುತ್ತವೆ. ಎದೆಗೂಡಿನ ನಡುಭಾಗದ ಗೋಡೆ ಹೆಚ್ಚುಕಡಿಮೆ ನೇರ. ಮೇಲೆ ಹೋದಂತೆ ಅದು ಒಳಕ್ಕೆ ಬಾಗುತ್ತದೆ. ಕೆಳಗೆ ವಪೆಯು ಗುಮ್ಮಟದಂತಿದೆ. ನಿಯಮ ರೂಪಿಸಿದವರಿಗೆ ಇದು ತಿಳಿಯದ್ದೇನಲ್ಲ. ಅದಕ್ಕೇ 'ಗೋಡೆಗೆ ಲಂಬವಾಗಿ' ಎಂದಿದ್ದಾರೆ. ಆದರೆ ಆ ಲಂಬ ಇರುವುದು ಚಿತ್ರದ ಸಮತಲದಲ್ಲಿ ಮಾತ್ರ. ಗೋಡೆ ಮೇಲ್ಮುಖವಾಗಿ ಓರೆಯಾಗಿದ್ದರೆ ಅದನ್ನು ಎರಡು ಆಯಾಮದ ಲಂಬ ಸರಿಪಡಿಸಲಾರದು. ಓರೆ 30 ಡಿಗ್ರಿ ಇದ್ದರೆ ದಪ್ಪ ಶೇ. 15ರಷ್ಟು ಹೆಚ್ಚಾಗಿ, 45 ಡಿಗ್ರಿ ಇದ್ದರೆ ಶೇ. 41ರಷ್ಟು ಹೆಚ್ಚಾಗಿ ಕಾಣುತ್ತದೆ.

ಇದರ ಪರಿಣಾಮ ನೋಡಿ. ಮೂರೂ ವಲಯಗಳಲ್ಲಿ ನಿಜವಾದ ದಪ್ಪ 4 ಮಿ.ಮೀ. ಇದೆ. ಮೊತ್ತ 12, ರೋಗ ಟಿ1. ಮೇಲಿನ ವಲಯದ ಅಳತೆಯನ್ನು 30 ಡಿಗ್ರಿ ಓರೆಯಿರುವ ಕಡೆ ತೆಗೆದರೆ 4 ಎಂಬುದು 4.6 ಆಗುತ್ತದೆ. ಮೊತ್ತ 12.6, ರೋಗ ಟಿ2. ರೋಗಿಯ ದೇಹದಲ್ಲಿ ಏನೂ ಬದಲಾಗದೆ ಹಂತ ಬದಲಾಯಿತು!

ಅಡ್ಡಕೊಯ್ತದ ದಪ್ಪವೂ ಮುಖ್ಯ. ಚಿತ್ರದ ವ್ಯಾಪ್ತಿ 350 ಮಿ.ಮೀ. ಇದ್ದು ಅದನ್ನು 512 ಚೌಕಗಳಾಗಿ ವಿಂಗಡಿಸಿದರೆ ಒಂದು ಚೌಕ ಸುಮಾರು 0.7 ಮಿ.ಮೀ. ಆದರೆ ಆ ಚೌಕದ ಆಳ, ಅಂದರೆ ಕೊಯ್ತದ ದಪ್ಪ, 1 ಮಿ.ಮೀ. ಇರಬಹುದು, 5 ಮಿ.ಮೀ.ಯೂ ಇರಬಹುದು. 5 ಮಿ.ಮೀ. ಆಳದೊಳಗಿನ ಎಲ್ಲವನ್ನೂ ಸರಾಸರಿ ಮಾಡಿ ಒಂದೇ ಬೂದು ಬಣ್ಣವಾಗಿ ತೋರಿಸುವುದರಿಂದ, 45 ಡಿಗ್ರಿ ಓರೆಯಾದ ಅಂಚು 5 ಮಿ.ಮೀ. ಅಗಲದ ಮಸುಕಾಗಿ ಕಾಣುತ್ತದೆ. 4 ಮಿ.ಮೀ. ಪದರವನ್ನು 5 ಮಿ.ಮೀ. ಮಸುಕಿನಲ್ಲಿ ಅಳೆಯುವುದೆಂದರೆ ಮಂಜಿನಲ್ಲಿ ಬೇಲಿಯ ಗೂಟ ಎಣಿಸಿದಂತೆ.

ಗರಿಷ್ಠ ಎಂಬ ಬಲೆ

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕಿದೆ. ನಿಯಮ ಕೇಳುವುದು ಸರಾಸರಿ ದಪ್ಪವನ್ನಲ್ಲ, ಗರಿಷ್ಠ ದಪ್ಪವನ್ನು.

ಹತ್ತು ದಾಳಗಳನ್ನು ಒಟ್ಟಿಗೆ ಉರುಳಿಸಿ. ಒಂದು ದಾಳದ ಸರಾಸರಿ ಬೆಲೆ 3.5. ಆದರೆ ಹತ್ತರಲ್ಲಿ ದೊಡ್ಡದನ್ನು ಮಾತ್ರ ಬರೆದುಕೊಳ್ಳುವುದಾದರೆ, ನೂರಕ್ಕೆ 84 ಸಲ ನೀವು ಬರೆಯುವುದು 6. ದಾಳಗಳಲ್ಲಿ ದೋಷವಿಲ್ಲ, ದೊಡ್ಡದನ್ನು ಆರಿಸುವ ಕ್ರಿಯೆಯೇ ಉತ್ತರವನ್ನು ಮೇಲಕ್ಕೆ ತಳ್ಳುತ್ತದೆ. ಅಳತೆಯಲ್ಲೂ ಹೀಗೆಯೇ. ಒಂದು ವಲಯದ ಹತ್ತು ಕಡೆಗಳಲ್ಲಿ ನಿಜವಾದ ದಪ್ಪ 4 ಮಿ.ಮೀ. ಆಗಿದ್ದು, ಪ್ರತಿ ಅಳತೆಯ ಯಾದೃಚ್ಛಿಕ ದೋಷದ ಮಾನಕ ವಿಚಲನೆ 1 ಮಿ.ಮೀ. ಎಂದಿರಲಿ. ಹತ್ತರಲ್ಲಿ ಗರಿಷ್ಠವಾದುದರ ಸರಾಸರಿ ನಿರೀಕ್ಷೆ 4 ಅಲ್ಲ, ಸುಮಾರು 5.5. ಮೂರು ವಲಯಗಳನ್ನು ಕೂಡಿಸಿದರೆ 12ರ ಬದಲು ಸುಮಾರು 16.6. ಕ್ಷ-ಕಿರಣ ತಜ್ಞರು ಹತ್ತೂ ಕಡೆ ಅಳೆಯದೆ, ಕಣ್ಣಿಗೆ ದಪ್ಪವೆನಿಸಿದ ಒಂದು ಕಡೆ ಮಾತ್ರ ಅಳೆಯುತ್ತಾರೆ. ಆದ್ದರಿಂದ ವಾಸ್ತವದಲ್ಲಿ ಈ ಏರಿಕೆ ಇದಕ್ಕಿಂತ ಕಡಿಮೆಯಿರಬಹುದು. ಆದರೆ ಅದರ ದಿಕ್ಕು ಯಾವಾಗಲೂ ಮೇಲಕ್ಕೇ. ಹೆಚ್ಚು ಹುಡುಕುವ ಶ್ರದ್ಧಾವಂತ ತಜ್ಞರಿಗೆ ಹೆಚ್ಚು ದಪ್ಪ ಸಿಗುತ್ತದೆ!

ಯಾದೃಚ್ಛಿಕ ದೋಷವನ್ನಷ್ಟೇ ನೋಡಿದರೂ ಸಾಕು. ತಲಾ 1 ಮಿ.ಮೀ. ಅನಿಶ್ಚಿತತೆಯ ಮೂರು ಅಳತೆಗಳ ಮೊತ್ತದ ಅನಿಶ್ಚಿತತೆ 3ರ ವರ್ಗಮೂಲ, ಅಂದರೆ 1.7 ಮಿ.ಮೀ. ನೂರಕ್ಕೆ 95ರ ಭರವಸೆ ಬೇಕಾದರೆ ಎರಡರಷ್ಟು, ಸುಮಾರು 3.5 ಮಿ.ಮೀ. ಹಾಗಿದ್ದರೆ ಮೊತ್ತ 8.5ರಿಂದ 15.5ರವರೆಗೆ ಇರುವ ಯಾವ ರೋಗಿಯ ಬಗೆಗೂ ಟಿ1 ಅಥವಾ ಟಿ2 ಎಂದು ದಪ್ಪವೊಂದರಿಂದಲೇ ಖಚಿತವಾಗಿ ಹೇಳುವಂತಿಲ್ಲ.

ಇಲ್ಲಿ ಒಂದು ಒಳವಿರೋಧವನ್ನು ಗಮನಿಸಬೇಕು. ಚಿಕಿತ್ಸೆಯಿಂದ ಗಡ್ಡೆ ಕುಗ್ಗಿತೇ, ಬೆಳೆಯಿತೇ ಎಂದು ನೋಡಲು ಇದೇ ರೋಗಕ್ಕೆ ಬೇರೊಂದು ನಿಯಮವಿದೆ. ಬರ್ನ್ ಮತ್ತು ನೊವಾಕ್ 2004ರಲ್ಲಿ ಅದನ್ನು ಕೊಟ್ಟರು. 2018ರಲ್ಲಿ ಆರ್ಮಾಟೊ ಮತ್ತು ನೊವಾಕ್ ಪರಿಷ್ಕರಿಸಿದರು. ಪರಿಷ್ಕೃತ ನಿಯಮದ ಪ್ರಕಾರ 7 ಮಿ.ಮೀ.ಗಿಂತ ತೆಳುವಾದ ಪದರ ಅಳತೆಗೆ ಯೋಗ್ಯವಲ್ಲ. ಹಂತ ನಿರ್ಣಯದ ನಿಯಮವಾದರೋ ಮೂರು ವಲಯಗಳ ಮೊತ್ತ 12 ಮಿ.ಮೀ. ಎಂಬಲ್ಲಿ ಗೆರೆ ಎಳೆದಿದೆ. ಅಂದರೆ ಒಂದು ವಲಯಕ್ಕೆ ಸರಾಸರಿ 4 ಮಿ.ಮೀ. ಒಂದು ನಿಯಮ 'ಇದನ್ನು ಅಳೆಯಬೇಡಿ' ಎನ್ನುವ ದಪ್ಪದಲ್ಲೇ ಇನ್ನೊಂದು ನಿಯಮ 'ಇದನ್ನು ಅಳೆದು ತೀರ್ಪು ಕೊಡಿ' ಎನ್ನುತ್ತಿದೆ. ಎರಡೂ ಒಂದೇ ಯಂತ್ರದ, ಒಂದೇ ರೋಗದ ಅಳತೆಗಳು!

ಮಿತಿ ಯಾರ ಅಳತೆಗೆ ಸೇರಿದ್ದು?

ಇದಕ್ಕೆ ಒಂದು ಸಮರ್ಥ ಉತ್ತರವಿದೆ, ಅದನ್ನೂ ಕೇಳಬೇಕು. 12 ಎಂಬ ಮಿತಿಯನ್ನು ಗೊತ್ತುಪಡಿಸುವಾಗ ಬಳಸಿದ ಅಳತೆಗಳಲ್ಲೂ ಈ ದೋಷಗಳಿದ್ದವು. ಓರೆ, ಮಸುಕು, ಗರಿಷ್ಠದ ಏರಿಕೆ ಎಲ್ಲವೂ ಆಗಲೇ ಮಿತಿಯೊಳಗೆ ಸೇರಿಹೋಗಿವೆ. ಆದ್ದರಿಂದ ಸರಾಸರಿಯಲ್ಲಿ ಅವು ವಜಾ ಆಗುತ್ತವೆ. ಈ ವಾದ ಸರಿ. ಆದರೆ ಅದಕ್ಕೊಂದು ಷರತ್ತಿದೆ: ಅಳೆಯುವ ವಿಧಾನ ಎಲ್ಲ ಕಡೆಯೂ ಅದೇ ಆಗಿರಬೇಕು. ಮಿತಿ ಎಂಬುದು ದೇಹಕ್ಕೆ ಸೇರಿದ ಸಂಖ್ಯೆಯಲ್ಲ, ದೇಹ ಮತ್ತು ವಿಧಾನ ಎರಡಕ್ಕೂ ಸೇರಿದ ಸಂಖ್ಯೆ.

ನಮ್ಮಲ್ಲಿ ಈ ಷರತ್ತು ಪೂರೈಸುತ್ತದೆಯೇ? ಹೆಬ್ಬೆ ಕಡೆಯ ನಮ್ಮ ಕಲ್ಪಿತ ರೋಗಿಯನ್ನು ನೆನೆಯಿರಿ. ಮೊದಲ ಸ್ಕ್ಯಾನ್ ಹತ್ತಿರದ ನಗರದಲ್ಲಿ, ಕಾಂಟ್ರಾಸ್ಟ್ ಇಲ್ಲದೆ, 5 ಮಿ.ಮೀ. ಕೊಯ್ತಗಳಲ್ಲಿ ಆಗಿರಬಹುದು. ಕೈಗೆ ಸಿಗುವುದು ಫಿಲ್ಮ್ ಹಾಳೆಗಳು ಮತ್ತು ಒಂದು ಪುಟದ ವರದಿ. ಆಮೇಲೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ 1 ಮಿ.ಮೀ. ಕೊಯ್ತಗಳಲ್ಲಿ, ಕಾಂಟ್ರಾಸ್ಟ್ ಸಹಿತ ಮತ್ತೊಂದು ಸ್ಕ್ಯಾನ್. ಎರಡು ವರದಿಗಳಲ್ಲಿ ಎರಡು ಹಂತ. ಮನೆಯವರು ಇದನ್ನು 'ರೋಗ ಏರಿತು' ಎಂದೋ 'ಮೊದಲಿನವರಿಗೆ ಗೊತ್ತಾಗಲಿಲ್ಲ' ಎಂದೋ ಓದುತ್ತಾರೆ. ಎರಡೂ ಅಲ್ಲದಿರಬಹುದು. ಎರಡು ಬೇರೆ ಅಳತೆಗೋಲುಗಳ ಓದುವಿಕೆ ಬೇರೆಯಾಗಿದೆ ಎಂದಷ್ಟೇ ಇರಬಹುದು.

ಇದರಿಂದ ಆಗುವ ನಷ್ಟವೇನು?

ಹಂತ ಕೇವಲ ಹೆಸರಲ್ಲ. ಯಾರನ್ನು ಶಸ್ತ್ರಚಿಕಿತ್ಸೆಗೆ ಪರಿಗಣಿಸಬೇಕು ಎಂಬ ಚರ್ಚೆಯಲ್ಲಿ ಸಿ.ಟಿ. ಚಿತ್ರದ ಪಾತ್ರ ದೊಡ್ಡದು. ಬ್ರಿಟನ್ನಿನಲ್ಲಿ ನಡೆದ ಮಾರ್ಸ್-2 ಎಂಬ ಪ್ರಯೋಗದಲ್ಲಿ, ಶಸ್ತ್ರಚಿಕಿತ್ಸೆ ಸಾಧ್ಯವೆಂದು ತೀರ್ಮಾನಿಸಲಾದ 335 ರೋಗಿಗಳನ್ನು ಎರಡು ಗುಂಪು ಮಾಡಿದರು. 2024ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಿಮೋಥೆರಪಿಯ ಜೊತೆ ಪೊರೆ ತೆಗೆಯುವ ದೊಡ್ಡ ಶಸ್ತ್ರಚಿಕಿತ್ಸೆ ಪಡೆದವರ ಮಧ್ಯಕ ಆಯುಸ್ಸು 19.3 ತಿಂಗಳು; ಕಿಮೋಥೆರಪಿ ಮಾತ್ರ ಪಡೆದವರದು 24.8 ತಿಂಗಳು. ಶಸ್ತ್ರಚಿಕಿತ್ಸೆ ಇಷ್ಟು ಹೊರೆಯಾಗಬಲ್ಲ ರೋಗದಲ್ಲಿ, 'ಆರಂಭದ ಹಂತ' ಎಂಬ ಮಾತನ್ನು ಅಳತೆಯ ಮಿತಿಯನ್ನು ಹೇಳದೆ ಕುಟುಂಬದ ಮುಂದಿಡುವುದು ನ್ಯಾಯವಲ್ಲ.

ಎರಡನೆಯ ನಷ್ಟ ಅಂಕಿಅಂಶಗಳಲ್ಲಿ. ಹಳೆಯ ಯಂತ್ರದಲ್ಲಿ ಟಿ1 ಎನಿಸಿದ ಮೂವರು 30, 28 ಮತ್ತು 20 ತಿಂಗಳು ಬದುಕಿದರು ಎನ್ನಿ, ಸರಾಸರಿ 26. ಟಿ2 ಎನಿಸಿದ ಮೂವರು 14, 12, 10 ತಿಂಗಳು, ಸರಾಸರಿ 12. ಹೊಸ ಸೂಕ್ಷ್ಮ ಯಂತ್ರ 20 ತಿಂಗಳಿನವರನ್ನು ಟಿ2ಕ್ಕೆ ಸೇರಿಸಿತು. ಈಗ ಟಿ1ರ ಸರಾಸರಿ 29, ಟಿ2ರ ಸರಾಸರಿ 14. ಎರಡೂ ಗುಂಪುಗಳ ಆಯುಸ್ಸು ಹೆಚ್ಚಿತು. ಆದರೆ ಯಾರೊಬ್ಬರೂ ಒಂದು ದಿನವೂ ಹೆಚ್ಚು ಬದುಕಲಿಲ್ಲ! ಫೈನ್‌ಸ್ಟೈನ್ ಮತ್ತು ಸಂಗಡಿಗರು 1985ರಲ್ಲೇ ಕ್ಯಾನ್ಸರ್ ಅಂಕಿಅಂಶಗಳಲ್ಲಿ ಈ ಮಾಯೆಯನ್ನು ತೋರಿಸಿಕೊಟ್ಟಿದ್ದರು. ಬೆಂಗಳೂರಿನಲ್ಲಿ 1982ರಿಂದ ಕಿದ್ವಾಯಿ ಸಂಸ್ಥೆಯ ಆಶ್ರಯದಲ್ಲಿ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ ನಡೆದಿದೆ. ಇಂಥ ದಾಖಲೆಗಳಿಂದ ಹಳೆಯ, ಹೊಸ ಕಾಲಗಳನ್ನು ಹಂತವಾರು ಹೋಲಿಸುವವರು ಅಳತೆಗೋಲು ಯಾವಾಗ ಬದಲಾಯಿತು ಎಂಬುದನ್ನೂ ನೋಡಬೇಕು.

ಘನಗಾತ್ರ ಅಳೆದರೆ?

ಮೂರು ಕಡೆಯ ದಪ್ಪದ ಬದಲು ಇಡೀ ಪದರದ ಘನಗಾತ್ರವನ್ನು ಗಣಕದಿಂದ ಲೆಕ್ಕ ಹಾಕಬಹುದಲ್ಲ ಎಂದು ನೀವು ಕೇಳಬಹುದು. ಇದು ಒಳ್ಳೆಯ ದಾರಿ. ಘನಗಾತ್ರಕ್ಕೂ ಆಯುಸ್ಸಿಗೂ ಸಂಬಂಧವಿದೆ ಎಂದು 1998ರಲ್ಲೇ ಪಾಸ್ ಮತ್ತು ಸಂಗಡಿಗರು ತೋರಿಸಿದ್ದರು. ಓರೆಯ ತೊಂದರೆ, ಗರಿಷ್ಠದ ಬಲೆ ಎರಡೂ ಇಲ್ಲಿಲ್ಲ. ಸಾವಿರಾರು ಬಿಂದುಗಳ ಸರಾಸರಿಯಾದ್ದರಿಂದ ಯಾದೃಚ್ಛಿಕ ದೋಷ ತಗ್ಗುತ್ತದೆ.

ಆದರೆ ವ್ಯವಸ್ಥಿತ ದೋಷ ಸರಾಸರಿಯಿಂದ ತಗ್ಗುವುದಿಲ್ಲ. ಪದರ ಹರಡಿದ ಮೇಲ್ಮೈ 1000 ಚದರ ಸೆಂ.ಮೀ. ಎಂದಿರಲಿ. ಹೊರ ಅಂಚನ್ನು ಎಲ್ಲೆಡೆ ಕೇವಲ ಅರ್ಧ ಮಿ.ಮೀ. ಸ್ನಾಯುವಿನೊಳಕ್ಕೆ ಸರಿಸಿ ಗುರುತಿಸಿದರೆ ಘನಗಾತ್ರದಲ್ಲಿ 50 ಘನ ಸೆಂ.ಮೀ. ಹೆಚ್ಚಳ. ಸರಾಸರಿ 4 ಮಿ.ಮೀ. ದಪ್ಪದ ಪದರದ ಒಟ್ಟು ಘನಗಾತ್ರವೇ 400. ಅದರಲ್ಲಿ ಎಂಟನೆಯ ಒಂದು ಭಾಗ ಬರಿಯ ಗೆರೆಯ ತಪ್ಪು! ಕೃತಕ ಬುದ್ಧಿಮತ್ತೆ ಈ ಗೆರೆ ಎಳೆದರೂ ಲೆಕ್ಕ ಬದಲಾಗದು. ಗಣಕ ದಣಿಯದೆ ಎಳೆಯುತ್ತದೆ, ಒಂದೇ ಬಗೆಯಾಗಿ ಎಳೆಯುತ್ತದೆ. ಸರಿಯಾಗಿಯೇ ಎಳೆಯುತ್ತದೆ ಎಂಬ ಖಾತರಿ ಬೇರೆ ಬೇಕು.

ವರದಿಯಲ್ಲಿ ಏನಿರಬೇಕು?

ಈ ವಿಮರ್ಶೆಯಿಂದ ಸಿ.ಟಿ. ಪರೀಕ್ಷೆಯೇ ನಿಷ್ಪ್ರಯೋಜಕ ಎಂದು ಯಾರೂ ಭಾವಿಸಬಾರದು. ಮೊತ್ತ 6 ಮಿ.ಮೀ. ಇರುವವರನ್ನೂ 40 ಮಿ.ಮೀ. ಇರುವವರನ್ನೂ ಅದು ಸಂದೇಹವಿಲ್ಲದೆ ಬೇರ್ಪಡಿಸುತ್ತದೆ. ಸಂದೇಹವಿರುವುದು ಗೆರೆಯ ಆಸುಪಾಸಿನವರ ಬಗ್ಗೆ. ಅವರಿಗಾಗಿ ವರದಿಯಲ್ಲಿ ಈ ಐದು ಸಂಗತಿಗಳಿದ್ದರೆ ಸಾಕು:

1. ಹಂತದ ಅಕ್ಷರ ಮಾತ್ರವಲ್ಲದೆ, ಮೂರು ವಲಯಗಳ ಮೂರು ಅಳತೆಗಳೂ ಬೇರೆಬೇರೆಯಾಗಿ ಇರಬೇಕು.
2. ಕೊಯ್ತದ ದಪ್ಪ, ಕಾಂಟ್ರಾಸ್ಟ್ ಕೊಟ್ಟಿದ್ದರೆ ಎಷ್ಟು ಸಮಯದ ನಂತರ ಚಿತ್ರ ತೆಗೆದದ್ದು, ಯಾವ ಸೋಸುಕ ಎಂಬುದನ್ನು ನಮೂದಿಸಬೇಕು.
3. ಗೋಡೆ ಓರೆಯಾಗಿರುವ ಕಡೆ, ಉದ್ದಕೊಯ್ತದ ಚಿತ್ರವನ್ನು ಕಟ್ಟಿ ಅದರಲ್ಲಿಯೂ ಅಳೆದು ನೋಡಬೇಕು.
4. ಮೊತ್ತ ಮಿತಿಗೆ ಹತ್ತಿರವಿದ್ದರೆ ಇಬ್ಬರು ತಜ್ಞರು ಪ್ರತ್ಯೇಕವಾಗಿ ಅಳೆದು, ಎರಡೂ ಸಂಖ್ಯೆಗಳನ್ನು ಕೊಡಬೇಕು. 'ಟಿ1 ಅಥವಾ ಟಿ2' ಎಂದು ಬರೆಯಲು ಸಂಕೋಚ ಬೇಡ.
5. ಫಿಲ್ಮಿನ ಜೊತೆಗೆ ಮೂಲ ಚಿತ್ರಗಳ ಸಿ.ಡಿ. ಅಥವಾ ಗಣಕ ಪ್ರತಿಯನ್ನು ರೋಗಿಗೆ ಕೊಡಬೇಕು. ಮುಂದಿನ ಆಸ್ಪತ್ರೆ ಹಳೆಯ ಸ್ಕ್ಯಾನನ್ನು ತನ್ನ ವಿಧಾನದಲ್ಲಿ ಮತ್ತೆ ಅಳೆಯಲು ಅದೊಂದೇ ದಾರಿ.

ಇವುಗಳಲ್ಲಿ ಯಾವುದಕ್ಕೂ ಹೊಸ ಯಂತ್ರ ಬೇಡ. ಇಬ್ಬರು ತಜ್ಞರು ಬೇಕಾದ ನಾಲ್ಕನೆಯದೊಂದನ್ನು ಬಿಟ್ಟರೆ ಹೆಚ್ಚಿನ ಖರ್ಚೂ ಇಲ್ಲ. ನಿಮ್ಮ ಮನೆಯವರ ಯಾವುದೇ ಸ್ಕ್ಯಾನ್ ವರದಿಯಲ್ಲಿ ಮಿಲಿಮೀಟರಿನ ಸಂಖ್ಯೆ ಕಂಡರೆ, 'ಇದರಲ್ಲಿ ಹೆಚ್ಚುಕಡಿಮೆ ಎಷ್ಟು?' ಎಂದು ವೈದ್ಯರನ್ನು ವಿನಯದಿಂದ ಕೇಳಿ. ನೀವು ಅಧ್ಯಾಪಕರಾಗಿದ್ದರೆ ಚಕ್ಕೋತದ ಪ್ರಯೋಗವನ್ನು ತರಗತಿಯಲ್ಲಿ ಮಾಡಿಸಿ. ಹಣ್ಣನ್ನು ಮಕ್ಕಳಿಗೆ ಹಂಚುವ ಮೊದಲು ಸಿಪ್ಪೆಯ ಅಳತೆಯನ್ನು ಕಪ್ಪುಹಲಗೆಯ ಮೇಲೆ ಬರೆಸಿ, ಅದರ ಮುಂದೆ ± ಚಿಹ್ನೆಯನ್ನೂ ಹಾಕಿಸಿ. ಆ ಮಕ್ಕಳಲ್ಲಿ ಯಾರಾದರೂ ಮುಂದೆ ಕ್ಷ-ಕಿರಣ ತಜ್ಞರಾದರೆ, ಆ ಚಿಹ್ನೆ ಅವರು ಬರೆಯುವ ವರದಿಗಳಲ್ಲೂ ಕಾಣಿಸಲಿ.